ನಡುಗುವ ಕೈ, ಕಳವಳದ ಮನಸ್ಸು ಮತ್ತು ಔಷಧ

ಆಚಮನಕ್ಕೆಂದು ಉದ್ಧರಣೆಯಲ್ಲಿ ತೆಗೆದ ನೀರು ಅಂಗೈ ಸೇರುವ ಮೊದಲೇ ಚೆಲ್ಲುತ್ತದೆ. ನಾಲ್ವರ ಎದುರು ತೀರ್ಥಕ್ಕೆ ಕೈಯೊಡ್ಡುವಾಗಲಂತೂ ನಡುಕ ಇಮ್ಮಡಿಸುತ್ತದೆ. ಆಯುರ್ವೇದವು ಕಂಪವಾತವೆಂದು ಕರೆಯುವ ಈ ವ್ಯಾಧಿಗೆ, 1817ರಲ್ಲಿ ಅದನ್ನು ವಿವರಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್‌ರ ಹೆಸರೇ ಇಂದು ರೂಢಿಯಲ್ಲಿದೆ.

ಇಂತಹ ರೋಗಿಗಳ ಕಳವಳ ಶಮನಕ್ಕೆ ವೈದ್ಯರು ಕೆಲವೊಮ್ಮೆ ಕ್ಲೋನಜೆಪಾಮ್‌ನಂತಹ ಗುಳಿಗೆಯನ್ನು ಕೊಡುವುದುಂಟು. ಆಗ ಹಿರಿಯರಲ್ಲಿ ಶಂಕೆ ಏಳುತ್ತದೆ: ಜಪದಿಂದ ನಿಗ್ರಹಿಸಬೇಕಾದ ಮನಸ್ಸಿಗೆ ಗುಳಿಗೆಯೇ? ಪ್ರಾರಬ್ಧವನ್ನು ಅನುಭವಿಸಿಯೇ ತೀರಿಸಬೇಕಲ್ಲವೇ?

ಈ ಕಳವಳ ಕೇವಲ ಅಧೈರ್ಯವಲ್ಲ. ಮೆದುಳಿನಲ್ಲಿ ಡೋಪಮಿನ್ ಉತ್ಪಾದಿಸುವ ಕೋಶಗಳು ಕ್ಷೀಣಿಸುವ ಈ ರೋಗದಲ್ಲಿ ಅದೂ ಒಂದು ಲಕ್ಷಣ. ಕೆಲವರಲ್ಲಿ ನಡುಕಕ್ಕಿಂತ ಮೊದಲೇ ತೋರುತ್ತದೆ. ಮುಖ್ಯ ಔಷಧವಾದ ಲೆವೊಡೋಪದ ಪ್ರಭಾವ ಇಳಿಯುವ ಹೊತ್ತಿನಲ್ಲಿ ಹೆಚ್ಚುವುದೂ ಉಂಟು. ಆ ಲೆವೊಡೋಪವು ನಮ್ಮ ನಸುಗುನ್ನಿ ಬೀಜದಲ್ಲಿದೆಯೆಂದು 1937ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ತೋರಿಸಿದರು.

ತತ್ತ್ವವಾದದಲ್ಲಿ ಜಗತ್ತು ಸತ್ಯ. ಆದುದರಿಂದ ರೋಗವೂ ಸತ್ಯ, ಔಷಧದ ಗುಣವೂ ಸತ್ಯ, ಆ ಗುಣವೂ ಹರಿಯ ಅಧೀನ. ಮನಸ್ಸು ಜೀವನಿಗೆ ಒಂದು ಕರಣ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅಡ್ಡಿಯಾಗದ ಪ್ರಾರಬ್ಧ ಇಲ್ಲಿ ಮಾತ್ರ ಏಕೆ ಅಡ್ಡಿಯಾಗಬೇಕು? ಧನ್ವಂತರಿಯನ್ನು ಹರಿಯ ರೂಪವೆಂದು ಪೂಜಿಸುವವರು ಔಷಧವನ್ನು ತಿರಸ್ಕರಿಸುವುದು ಉಚಿತವಲ್ಲ.

ಆದರೆ ಇನ್ನೊಂದು ಮುಖವೂ ವಿಚಾರಣೀಯ. ಈ ಗುಳಿಗೆ ರೋಗದ ಮುನ್ನಡೆಯನ್ನು ತಡೆಯದು. ವೃದ್ಧರಲ್ಲಿ ಮಂಪರು, ಬುದ್ಧಿಭ್ರಮೆ, ಬೀಳುವ ಭಯ ಹೆಚ್ಚಬಹುದು. ಅಭ್ಯಾಸವಾಗಿಬಿಟ್ಟರೆ ಥಟ್ಟನೆ ನಿಲ್ಲಿಸುವುದೂ ಅಪಾಯ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ, ಮುಂಜಾನೆಯ ಲೋಕಲ್ ಹಿಡಿಯಬೇಕಾದ ಮಗ ಸೊಸೆಯರಿಗೆ, ರಾತ್ರಿಯಿಡೀ ಕರೆಯುವ ತಂದೆ ಮಲಗಿಬಿಟ್ಟರೆ ಸಾಕೆನಿಸುವುದು ಸಹಜ. ವೈದ್ಯರನ್ನು ಕೇಳದೆ ಅರ್ಧ ಗುಳಿಗೆ ಹೆಚ್ಚಿಸುವ ಆಸೆ ಹುಟ್ಟುವುದು ಇಲ್ಲಿಯೇ. ಧರ್ಮದ ಪ್ರಶ್ನೆಯೂ ಇಲ್ಲಿಯೇ: ಆ ಗುಳಿಗೆ ಯಾರ ಶಾಂತಿಗಾಗಿ?

ಶುಶ್ರೂಷೆ ಮಾಡುವವರ ದಣಿವೂ ಸತ್ಯವೇ; ಅದಕ್ಕೆ ಬೇರೆ ಪರಿಹಾರ ಬೇಕು. 2001ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿಯ ಕೂಟಗಳು ರೋಗಿಗಳಿಗೂ ಮನೆಯವರಿಗೂ ನೆರವಾಗುತ್ತಿವೆ. ಬಂಧುಗಳು ಸರದಿಯಂತೆ ಒಂದೊಂದು ರಾತ್ರಿ ಜೊತೆಗಿರುವುದೂ ಸೇವೆಯೇ.

ಗುಳಿಗೆಯು ಹಿರಿಯರನ್ನು ಸಂಧ್ಯಾವಂದನೆಗೆ, ಊಟಕ್ಕೆ, ಮೊಮ್ಮಕ್ಕಳ ಮಾತಿಗೆ ಮರಳಿಸಿದರೆ ಅದು ಗ್ರಾಹ್ಯ. ಅವರನ್ನು ನಮ್ಮ ಕಣ್ಣಿಂದ ಮರೆಮಾಡುವುದಕ್ಕಷ್ಟೇ ಆದರೆ ತ್ಯಾಜ್ಯ.

॥ ಶ್ರೀಕೃಷ್ಣಾರ್ಪಣಮಸ್ತು ॥