ಕ್ರಮವೂ ಕೊಟ್ಟ ಮಾತೂ

ಬಹುಕಾಲ ಒಂದೇ ರೀತಿಯಲ್ಲಿ ನಡೆದುಬಂದ ಸಂಗತಿಯು, ನಡೆದುಬಂದಿತೆಂಬ ಅಷ್ಟರಿಂದಲೇ, ಕೊಟ್ಟ ಮಾತಿನ ಬಲವನ್ನು ಪಡೆಯುವುದೇ? ಈ ಪ್ರಶ್ನೆ ಹೊಸದಲ್ಲ. ಪುರವರದ ಸುತ್ತಿನಂತಹ ಕೆರೆಯ ಸೀಮೆಯಲ್ಲಿ ನೀರುಗಂಟಿಯು ತೂಬೆತ್ತಿದಾಗ ಮೊದಲು ಯಾರ ಗದ್ದೆಗೆ ನೀರು, ಆಮೇಲೆ ಯಾರದಕ್ಕೆ ಎಂಬ ಸರದಿಯು ಕಾಗದದ ಮೇಲೆ ಇರುವುದು ಅಪರೂಪ. ಆದರೂ ಅದನ್ನು ಮುರಿದವನು ಹಿರಿಯರ ಮುಂದೆ ನಿಂತು ಉತ್ತರ ಹೇಳಬೇಕಾಗುವುದು. ಅದೇ ಊರಿನ ಸಂತೆಯಲ್ಲಿ ಹತ್ತು ವಾರ ಒಂದೇ ಹುಣಿಸೆಮರದ ಕೆಳಗೆ ಬುಟ್ಟಿಯಿಟ್ಟ ಸೊಪ್ಪಿನವಳು ಹನ್ನೊಂದನೆಯ ವಾರ ಬೇರೆಡೆ ಕುಳಿತರೆ ಅವಳನ್ನು ಮಾತಿಗೆ ತಪ್ಪಿದವಳೆಂದು ಯಾರೂ ಹೇಳರು. ಎರಡೂ ರೂಢಿಯೇ. ಒಂದು ಕಟ್ಟುವ ರೂಢಿ, ಮತ್ತೊಂದು ಕಟ್ಟದ ರೂಢಿ. ಇವೆರಡರ ನಡುವಣ ಗೆರೆಯನ್ನು ಅರಸುವವರಿಗೆ ಒಂದು ಒಳ್ಳೆಯ ನಿದರ್ಶನವು ಗಣಕಯಂತ್ರಗಳ ಪ್ರಪಂಚದಿಂದ ದೊರೆತಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಹೋಗಿ ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳಲ್ಲಿ ಅದರ ಹೆಸರಾದರೂ ಕಿವಿಗೆ ಬಿದ್ದಿರಬಹುದು. ಅದು ಹ್ಯಾಶ್ ಟೇಬಲ್.

ಸಾವಿರಾರು ಹೆಸರುಗಳನ್ನು ಯಂತ್ರದ ನೆನಪಿನಲ್ಲಿಟ್ಟು, ಬೇಕಾದ ಒಂದನ್ನು ಕ್ಷಣಮಾತ್ರದಲ್ಲಿ ತೆಗೆಯುವುದು ಹೇಗೆ? ಅಮರಕೋಶವು ಶಬ್ದಗಳನ್ನು ವರ್ಗವರ್ಗವಾಗಿ ಹಂಚಿದೆ. ಕಂಠಪಾಠವಿಲ್ಲದವನಿಗೆ ಅದು ಸುಲಭವಾಗಿ ಕೈಗೆ ಸಿಕ್ಕದು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಅಕಾರಾದಿಯಾಗಿದೆ. ಅಲ್ಲಿ ಪುಟ ತಿರುವುವ ಶ್ರಮವುಂಟು. ಮೂರನೆಯ ಉಪಾಯವೊಂದನ್ನು 1953ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬವರು ಸೂಚಿಸಿದರು. ಹೆಸರಿನ ಅಕ್ಷರಗಳಿಂದಲೇ ಒಂದು ಸಂಖ್ಯೆಯನ್ನು ಗುಣಿಸಿ ತೆಗೆದು, ಆ ಸಂಖ್ಯೆಯ ಗೂಡಿನಲ್ಲಿ ಹೆಸರನ್ನು ಇಡುವುದು. ಹುಡುಕುವಾಗ ಅದೇ ಲೆಕ್ಕವನ್ನು ಮತ್ತೆ ಮಾಡಿ ನೇರವಾಗಿ ಅದೇ ಗೂಡಿಗೆ ಕೈ ಹಾಕುವುದು.

ಸಂಗೀತವಿರುವ ಮನೆಗಳಿಗೆ ಇದು ಅಪರಿಚಿತವಾದ ಉಪಾಯವಲ್ಲ. ಎಪ್ಪತ್ತೆರಡು ಮೇಳಕರ್ತರಾಗಗಳ ಹೆಸರಿನ ಮೊದಲೆರಡು ಅಕ್ಷರಗಳನ್ನು ಕಟಪಯಾದಿಯಂತೆ ಅಂಕಗಳಾಗಿ ಮಾಡಿ ಬಲದಿಂದ ಎಡಕ್ಕೆ ಓದಿದರೆ ರಾಗದ ಸಂಖ್ಯೆ ದೊರೆಯುವುದು. ಕನಕಾಂಗಿಯಲ್ಲಿ ಕ ಒಂದು, ನ ಸೊನ್ನೆ, ಅದು 1ನೆಯದು. ಧೀರಶಂಕರಾಭರಣದಲ್ಲಿ ಧ ಒಂಬತ್ತು, ರ ಎರಡು, ಅದು 29. ಮೇಚಕಲ್ಯಾಣಿಯಲ್ಲಿ ಮ ಐದು, ಚ ಆರು, ಅದು 65. ಬೇರೆ ಬೇರೆ ಮಾತುಗಳು ಒಂದೇ ಸಂಖ್ಯೆಗೆ ಬಂದು ಬೀಳುವುದೂ ಉಂಟು: ಜಯ, ದಯ, ಹಯ ಈ ಮೂರೂ 18. ಗೆಲವೂ ಕರುಣೆಯೂ ಕುದುರೆಯೂ ಒಂದೇ ಗೂಡಿನಲ್ಲಿ! ಹಾಗಾದಾಗ ಯಂತ್ರವು ಆ ಗೂಡಿನೊಳಗೆ ಒಂದೊಂದನ್ನಾಗಿ ನೋಡಿ ಬೇಕಾದುದನ್ನು ಆರಿಸಿಕೊಳ್ಳುವುದು.

ಈಗ ಗೂಡುಗಳು ಹತ್ತೇ ಇವೆಯೆಂದು ಇಟ್ಟುಕೊಳ್ಳೋಣ. ಸಂಖ್ಯೆಯನ್ನು ಹತ್ತರಿಂದ ಭಾಗಿಸಿ ಉಳಿದ ಶೇಷದ ಗೂಡಿನಲ್ಲಿ ರಾಗವನ್ನಿಟ್ಟರೆ ಕನಕಾಂಗಿ 1ರಲ್ಲಿ, ಕಲ್ಯಾಣಿ 5ರಲ್ಲಿ, ಶಂಕರಾಭರಣ 9ರಲ್ಲಿ ಕುಳಿತುಕೊಳ್ಳುವುವು. ಗೂಡುಗಳನ್ನು ಸಾಲಾಗಿ ಓದಿದರೆ ಬರುವ ಕ್ರಮವೂ ಅದೇ. ಗೂಡುಗಳನ್ನು ಹದಿಮೂರಕ್ಕೆ ಹೆಚ್ಚಿಸಿದರೆ ಕಲ್ಯಾಣಿಯ ಶೇಷ ಸೊನ್ನೆಯಾಗಿ ಅದು ಎಲ್ಲಕ್ಕೂ ಮೊದಲು ಬಂದು ಕೂಡುವುದು; ಆಮೇಲೆ ಕನಕಾಂಗಿ, ಶಂಕರಾಭರಣ. ರಾಗಗಳು ಬದಲಾಗಲಿಲ್ಲ, ಇಟ್ಟವನ ಉದ್ದೇಶವೂ ಬದಲಾಗಲಿಲ್ಲ. ಬದಲಾದುದು ಕಪಾಟು ಮಾತ್ರ. ಆ ಕ್ರಮದಲ್ಲಿ ಅರ್ಥವನ್ನು ಹುಡುಕುವುದು ವ್ಯರ್ಥ. ಮರದ ಹುಳು ಕೊರೆದ ಗೆರೆ ದೈವವಶದಿಂದ ಅಕ್ಷರದಂತೆ ಕಂಡರೆ ಶಾಸ್ತ್ರಕಾರರು ಅದನ್ನು ಘುಣಾಕ್ಷರವೆಂದು ಕರೆದರು. ಇದೂ ಅಂತಹುದೇ ಅಕ್ಷರ.

ಆದರೆ ಹುಳು ಬರೆದ ಅಕ್ಷರವನ್ನು ಓದುವವರೂ ಇದ್ದಾರೆ. ತಂತ್ರಾಂಶದಲ್ಲಿ ಪರೀಕ್ಷೆಯೆಂದರೆ ಮುಖ್ಯ ಪ್ರೋಗ್ರಾಮಿನ ಪಕ್ಕದಲ್ಲಿ ಬರೆದಿಡುವ ಚಿಕ್ಕ ಪ್ರೋಗ್ರಾಂ. ಅದು ದೊಡ್ಡದಕ್ಕೆ ಪ್ರಶ್ನೆ ಹಾಕಿ, ಬಂದ ಉತ್ತರವನ್ನು ಮೊದಲೇ ಬರೆದಿಟ್ಟ ಉತ್ತರದೊಡನೆ ಹೋಲಿಸಿ, ಸರಿಯೆಂದೋ ತಪ್ಪೆಂದೋ ತೀರ್ಪು ಹೇಳುವುದು. ಒಬ್ಬ ಹುಡುಗನ ಅಂಕಪಟ್ಟಿಯನ್ನು ಮುದ್ರಿಸುವ ಪ್ರೋಗ್ರಾಂ ಇದೆಯೆನ್ನೋಣ. ಪರೀಕ್ಷೆಯನ್ನು ಬರೆಯುವವನು ಒಮ್ಮೆ ಅದನ್ನು ನಡೆಸಿ ನೋಡಿದನು. ಗಣಿತ, ಕನ್ನಡ, ವಿಜ್ಞಾನ ಎಂಬ ಕ್ರಮದಲ್ಲಿ ಉತ್ತರ ಬಂದಿತು. ಅದನ್ನೇ ನಕಲುಮಾಡಿ ಸರಿಯುತ್ತರವೆಂದು ಬರೆದಿಟ್ಟನು. ಅವನ ಆಸೆ ಅಂಕಗಳು ಸರಿಯಾಗಿರಬೇಕೆಂಬುದು. ಅವನಿಗೆ ತಿಳಿಯದಂತೆ ಕ್ರಮವೂ ಆ ಉತ್ತರದೊಳಗೆ ಸೇರಿಹೋಯಿತು. ವರ್ಷಗಳು ಕಳೆದುವು. ಒಂದು ದಿನ ಕೆಳಗಿನ ಭಾಷೆಯ ಹೊಸ ಆವೃತ್ತಿ ಬಂದಿತು, ಕನ್ನಡವು ಗಣಿತಕ್ಕಿಂತ ಮೊದಲು ಬಂದಿತು, ಪರೀಕ್ಷೆಯು ತಪ್ಪೆಂದು ಕೂಗಿತು. ಅಂಕಗಳೆಲ್ಲ ಸರಿಯಾಗಿಯೇ ಇದ್ದುವು. ನಿರಪರಾಧಿಯ ಮೇಲೆ ಸಾಕ್ಷಿಯು ದೋಷ ಹೊರಿಸಿದಂತಾಯಿತು.

ಇದು ಬರಿಯ ಊಹೆಯ ಮಾತಲ್ಲ. 2003ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸ್ಕಾಟ್ ಕ್ರಾಸ್ಬಿ, ಡಾನ್ ವಾಲಕ್ ಎಂಬ ಇಬ್ಬರು ಒಂದು ಅಪಾಯವನ್ನು ತೋರಿಸಿದರು. ಗೂಡನ್ನು ಆರಿಸುವ ಲೆಕ್ಕವು ಎಲ್ಲರಿಗೂ ತಿಳಿದುದಾದರೆ, ಕೇಡು ಬಗೆಯುವವನು ಒಂದೇ ಗೂಡಿಗೆ ಬೀಳುವಂತಹ ಸಾವಿರಾರು ಹೆಸರುಗಳನ್ನು ಹೊಂಚಿ ಕಳುಹಿಸಬಲ್ಲನು. ಅಂಚೆಕಚೇರಿಯ ಕಾಗದಗಳೆಲ್ಲ ಒಂದೇ ಖಾನೆಯಲ್ಲಿ ತುರುಕಲ್ಪಟ್ಟರೆ ಒಂದು ಕಾಗದವನ್ನು ಹುಡುಕಲು ಇಡೀ ದಿನ ಬೇಕಾಗುವಂತೆ, ಯಂತ್ರವು ಆ ಒಂದು ಗೂಡಿನಲ್ಲಿಯೇ ಸಿಕ್ಕಿಬಿದ್ದು ಬೇರೆಯವರ ಕೆಲಸವನ್ನು ಮಾಡದಾಗುವುದು. 2011ರ ಡಿಸೆಂಬರಿನಲ್ಲಿ ಬರ್ಲಿನ್ ನಗರದ ಒಂದು ಸಮ್ಮೇಳನದಲ್ಲಿ ಅಲೆಕ್ಸಾಂಡರ್ ಕ್ಲಿಂಕ್, ಯೂಲಿಯಾನ್ ವೆಲ್ಡೆ ಎಂಬವರು ಇದೇ ದೋಷವು ಅನೇಕ ಭಾಷೆಗಳಲ್ಲಿ ಇನ್ನೂ ಉಳಿದಿರುವುದನ್ನು ಪ್ರಕಟಪಡಿಸಿದರು. ಪರಿಹಾರವಾಗಿ, ಪ್ರತಿಸಲವೂ ಒಂದು ಗುಟ್ಟಿನ ಸಂಖ್ಯೆಯನ್ನು ಲೆಕ್ಕದಲ್ಲಿ ಬೆರೆಸುವುದೆಂದಾಯಿತು. 2012ರ ಸೆಪ್ಟೆಂಬರಿನಲ್ಲಿ ಪೈಥಾನ್ 3.3, 2013ರ ಮೇ ತಿಂಗಳಲ್ಲಿ ಪರ್ಲ್ 5.18 ಹೀಗೆ ಹೊರಬಂದುವು. ಕ್ರಮವು ಪ್ರತಿ ಓಟಕ್ಕೂ ಬೇರೆಬೇರೆಯಾಗತೊಡಗಿತು. ವರ್ಷಗಟ್ಟಲೆ ಸರಿಯೆಂದು ಹೇಳುತ್ತಿದ್ದ ಪರೀಕ್ಷೆಗಳು ಒಂದೊಂದಾಗಿ ಬಿದ್ದುವು.

ಬಿದ್ದ ಪರೀಕ್ಷೆಗಳ ಒಡೆಯರು ಕೋಪಗೊಂಡುದು ಸಹಜವೇ. ಅವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. 1882ರ ಈಸ್‌ಮೆಂಟ್ ಕಾಯಿದೆಯಂತೆ ಪರರ ಹೊಲದ ಬದುವಿನ ಮೇಲೆ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕೆಂದೇ ನಡೆದವನಿಗೆ ಅದು ದಾರಿಯಾಗುವುದು. ಹಾಗಾದರೆ ಇಷ್ಟುಕಾಲ ಒಂದೇ ಕ್ರಮವನ್ನು ಕೊಟ್ಟು ಈಗ ಕಿತ್ತುಕೊಳ್ಳುವುದು ನ್ಯಾಯವೇ? ಎದುರುವಾದಿಯು ಹೇಳುವನು: ಪರ್ಲ್ ಭಾಷೆಯ ಕೈಪಿಡಿಯಲ್ಲಿ ಈ ಕ್ರಮವನ್ನು ನೆಚ್ಚಬಾರದೆಂದು ಮೊದಲಿನಿಂದಲೂ ಬರೆದಿತ್ತು, ಒಡೆಯನ ಕೃಪೆಯಿಂದ ನಡೆದವನಿಗೆ ದಾರಿಯ ಹಕ್ಕು ಹುಟ್ಟದು. ಕಾನೂನಿನ ದೃಷ್ಟಿಯಿಂದ ಈ ಉತ್ತರವು ಸಾಕು. ಧರ್ಮದ ದೃಷ್ಟಿಯಿಂದ ಸಾಲದು. ಬಾಯಲ್ಲಿ “ನೆಚ್ಚಬೇಡ” ಎನ್ನುತ್ತ ಕೈಯಲ್ಲಿ ದಿನವೂ ಅದನ್ನೇ ಕೊಡುತ್ತಿದ್ದರೆ, ತೆಗೆದುಕೊಳ್ಳುವವನು ಕೈಯನ್ನು ನಂಬುವನೇ ಹೊರತು ಬಾಯನ್ನಲ್ಲ. ಬಳಸುವವರು ಸಾಕಷ್ಟು ಮಂದಿಯಾದರೆ, ಒಪ್ಪಂದದಲ್ಲಿ ಏನೇ ಬರೆದಿರಲಿ, ಕಣ್ಣಿಗೆ ಕಾಣುವ ಪ್ರತಿಯೊಂದು ನಡವಳಿಕೆಯನ್ನೂ ಯಾರಾದರೊಬ್ಬರು ನೆಚ್ಚಿಯೇ ತೀರುವರೆಂದು ಗೂಗಲ್ ಸಂಸ್ಥೆಯಲ್ಲಿ ಕೆಲಸಮಾಡಿದ ಹೈರಮ್ ರೈಟ್ ಅವರ ಹೆಸರಿನ ಸೂತ್ರವೊಂದುಂಟು. ಎಚ್ಚರಿಕೆಯ ಹಲಗೆ ನೆಟ್ಟವನ ಹೊಣೆಯು ಹಲಗೆಯೊಡನೆ ಮುಗಿಯಲಿಲ್ಲವೆಂದು ಇದರಿಂದ ಕಾಣುವುದು.

ಕ್ರಮದ ವಿಚಾರದಲ್ಲಿ ಪೂರ್ವಮೀಮಾಂಸೆಯಷ್ಟು ಶ್ರಮಪಟ್ಟ ಶಾಸ್ತ್ರವು ಮತ್ತೊಂದಿಲ್ಲ. ಜೈಮಿನಿಯ ಐದನೆಯ ಅಧ್ಯಾಯವೆಲ್ಲ ಅದಕ್ಕೇ ಮೀಸಲು. ಶ್ರುತಿ, ಅರ್ಥ, ಪಾಠ, ಸ್ಥಾನ, ಮುಖ್ಯ, ಪ್ರವೃತ್ತಿ ಎಂಬ ಆರು ಪ್ರಮಾಣಗಳಿಂದ ಕ್ರಮವು ತಿಳಿಯುವುದೆಂದು ಮೀಮಾಂಸಕರು ಹೇಳುವರು. ಅಗ್ನಿಹೋತ್ರದ ಮಾತು ಮೊದಲು, ಗಂಜಿ ಬೇಯಿಸುವ ಮಾತು ಆಮೇಲೆ ಬಂದಿದ್ದರೂ, ಹೋಮಕ್ಕೆ ಬೇಕಾದುದು ಆ ಗಂಜಿಯೇ ಆದುದರಿಂದ ಅದನ್ನೇ ಮೊದಲು ಬೇಯಿಸಬೇಕು. ಪಾಠಕ್ರಮಕ್ಕಿಂತ ಅರ್ಥಕ್ರಮವು ಬಲವತ್ತರ. ಈ ಆರರಲ್ಲಿ ಯಾವುದೂ ಇಲ್ಲದೆಡೆ ನಿಯಮವೇ ಇಲ್ಲ. ಮಾಡುವವನು ತನಗೆ ತೋರಿದಂತೆ ಮಾಡಬಹುದು. ನಿನ್ನೆ ಹೀಗೆ ನಡೆಯಿತೆಂಬುದು ಪ್ರಮಾಣಗಳ ಪಟ್ಟಿಯಲ್ಲಿ ಸೇರಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಪ್ರವೃತ್ತಿಕ್ರಮವೆಂಬುದು ಮಾತ್ರ ಈ ನಿಯಮರಾಹಿತ್ಯಕ್ಕೆ ಬಹು ಹತ್ತಿರದ್ದು. ವಾಜಪೇಯದಲ್ಲಿ ಪ್ರಜಾಪತಿಗೆ ಹದಿನೇಳು ಪಶುಗಳು. ಮೊದಲನೆಯ ಸಂಸ್ಕಾರವನ್ನು ಯಾವ ಪಶುವಿನಿಂದ ಬೇಕಾದರೂ ಆರಂಭಿಸಬಹುದು, ಅಲ್ಲಿ ಸ್ವಾತಂತ್ರ್ಯವುಂಟು. ಒಮ್ಮೆ ಆರಂಭಿಸಿದ ಮೇಲೆ ಮುಂದಿನ ಸಂಸ್ಕಾರಗಳೆಲ್ಲ ಅದೇ ಕ್ರಮದಲ್ಲಿ ನಡೆಯಬೇಕು. ಆಕಸ್ಮಿಕವಾಗಿ ಹುಟ್ಟಿದ ಕ್ರಮವನ್ನು ಕರ್ತನು ಅಂಗೀಕರಿಸಿದ ಕ್ಷಣದಿಂದ ಅದು ಅವನನ್ನು ಕಟ್ಟುವುದು.

ಈ ಎರಡು ನಿಲವುಗಳೂ ಗಣಕಯಂತ್ರದ ಚರಿತ್ರೆಯಲ್ಲಿ ಹೆಚ್ಚುಕಡಮೆ ಹಾಗೆಯೇ ಕಾಣಸಿಗುತ್ತವೆ. 2012ರ ಮಾರ್ಚಿಯಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಪ್ರಕಟಿಸಿದ ಗೋ ಭಾಷೆಯವರು ಅನಿಯಮವನ್ನು ಹಿಡಿದರು. ಒಂದು ಯಂತ್ರದಲ್ಲಿ ಸದಾ ಗೆಲ್ಲುವ ಪರೀಕ್ಷೆಯು ಇನ್ನೊಂದು ಯಂತ್ರದಲ್ಲಿ ಸೋಲುವುದನ್ನು ಕಂಡು, ಅವರು ಪ್ರತಿಸಲವೂ ಓದುವ ಕ್ರಮವನ್ನು ಬೇಕೆಂದೇ ಕದಡಿದರು. ನೆಚ್ಚಬೇಡವೆಂದು ನುಡಿದವರು ನೆಚ್ಚಲಾಗದಂತೆ ನಡೆದೂ ತೋರಿಸಿದರು. ಮೊದಲ ದಿನವೇ ಮುರಿಯುವ ಪರೀಕ್ಷೆಯು ಹತ್ತು ವರ್ಷದ ಮೇಲೆ ಮುರಿಯುವುದಕ್ಕಿಂತ ಲೇಸಷ್ಟೆ. ಪೈಥಾನಿನವರು ಮತ್ತೊಂದು ದಾರಿಯನ್ನು ತುಳಿದರು. 2016ರ 3.6 ಆವೃತ್ತಿಯಲ್ಲಿ ಜಾಗವನ್ನು ಉಳಿಸಲೆಂದು ಕೋಶದ ರಚನೆಯನ್ನು ಬದಲಿಸಿದಾಗ, ಹೆಸರುಗಳು ಸೇರಿಸಿದ ಕ್ರಮದಲ್ಲಿಯೇ ಹೊರಬರತೊಡಗಿದುವು. ಅದು ಉದ್ದೇಶವಾಗಿರಲಿಲ್ಲ, ಉಪಫಲ. ನೆಚ್ಚಬೇಡಿರೆಂದು ಆಗಲೂ ಬರೆದಿದ್ದರು. ಜನರು ಹೇಗೂ ನೆಚ್ಚುವರೆಂಬುದು ಸ್ಪಷ್ಟವಾಗಿತ್ತು. 2018ರ 3.7 ಆವೃತ್ತಿಯಿಂದ ಆ ಕ್ರಮವು ಭಾಷೆಯ ನಿಯಮವೇ ಆಯಿತು, ರೂಢಿಯು ಪ್ರತಿಜ್ಞೆಯಾಯಿತು. ಕಠೋರವೆಂದು ತೋರುವ ಮೊದಲನೆಯ ದಾರಿಯೂ, ಸೋತಂತೆ ತೋರುವ ಎರಡನೆಯದೂ ಸತ್ಯಕ್ಕೆ ಸಮೀಪವೇ. ದೂರವಾದುದು ಇವೆರಡರ ನಡುವೆ, ಕೊಡುತ್ತಲೂ ಕೊಟ್ಟಿಲ್ಲವೆನ್ನುತ್ತಲೂ, ಕಾಲ ತಳ್ಳುವ ಸ್ಥಿತಿ. ನೀರುಗಂಟಿಯ ಸರದಿಗೂ ಸೊಪ್ಪಿನವಳ ಜಾಗಕ್ಕೂ ಇರುವ ಭೇದವೂ ಇಲ್ಲಿಯೇ ತಿಳಿಯುವುದು: ಸರದಿಯನ್ನು ನೋಡಿಯೇ ಊರೆಲ್ಲ ಪೈರಿಟ್ಟಿದೆ, ಅದು ನೀರುಗಂಟಿಗೂ ಗೊತ್ತು, ಗೊತ್ತಿದ್ದು ಅವನು ಒಪ್ಪಿದ್ದಾನೆ.

ಪರೀಕ್ಷೆ ಬರೆದವನ ಪಾಲಿನ ತಪ್ಪು ಇನ್ನೂ ಉಳಿದಿದೆ. ಸುಳ್ಳು ದೋಷವನ್ನು ಹೊರಿಸುವ ಪರೀಕ್ಷೆಗಿಂತ ಸುಳ್ಳು ಪ್ರಶಂಸೆಯನ್ನು ಕೊಡುವ ಪರೀಕ್ಷೆಯು ಕೆಟ್ಟದ್ದು. ಎರಡನೆಯ ಪರೀಕ್ಷೆಗೆ ಬೇಕಾದ ಯಾವುದೋ ವಸ್ತುವನ್ನು ಮೊದಲನೆಯದು ಬಿಟ್ಟುಹೋಗಿರುವುದು. ಎರಡನೆಯದು ಅದರ ಬಲದಿಂದ ಗೆಲ್ಲುವುದು. ಹಿಂದಿನವರು ಹಚ್ಚಿಟ್ಟ ಒಲೆಯಲ್ಲಿ ಅಡಿಗೆ ಮಾಡಿ ತನಗೆ ಒಲೆ ಹಚ್ಚಲು ಬರುವುದೆಂದು ಹೇಳಿಕೊಂಡಂತೆ. ಜಾವಾ ಭಾಷೆಯ ಏಳನೆಯ ಆವೃತ್ತಿಯು 2011ರಲ್ಲಿ ಬಂದಾಗ ಪರೀಕ್ಷೆಗಳನ್ನು ಕರೆಯುವ ಕ್ರಮವೇ ಅಸ್ತವ್ಯಸ್ತವಾಗಿ ಇಂತಹ ಒಲೆಗಳು ಎಷ್ಟೋ ಬೆಳಕಿಗೆ ಬಂದುವು. ಆಗ 2012ರಲ್ಲಿ ಜೆಯೂನಿಟ್ 4.11 ಎಂಬ ಪರೀಕ್ಷಾಸಾಧನದವರು, ಪರೀಕ್ಷೆಗಳ ಹೆಸರಿನಿಂದ ಹ್ಯಾಶ್ ಸಂಖ್ಯೆಯನ್ನು ತೆಗೆದು ಅದರಂತೆ ಸಾಲುಹಚ್ಚುವ ಏರ್ಪಾಟನ್ನು ಮಾಡಿದರು. ಆ ಸಾಲು ಪ್ರತಿಸಲವೂ ಒಂದೇ, ಆದರೆ ಸುಲಭವಾಗಿ ಊಹಿಸಲಾಗದುದು.

ಒಮ್ಮೆ ಸರಿ, ಒಮ್ಮೆ ತಪ್ಪು ಎನ್ನುವ ಪರೀಕ್ಷೆಯನ್ನು ಕಂಡಾಗ ಕಚೇರಿಗಳಲ್ಲಿ ಬೆಳೆಯುವ ಅಭ್ಯಾಸವು ಇನ್ನೂ ಶೋಚನೀಯ. ಸರಿಯೆನ್ನುವವರೆಗೂ ಅದನ್ನು ಮತ್ತೆ ಮತ್ತೆ ನಡೆಸುವರು. ಬೇಕಾದ ಮಾತನ್ನು ಆಡುವವರೆಗೂ ಸಾಕ್ಷಿಯನ್ನು ಕಟಕಟೆಗೆ ಕರೆಯುವುದಕ್ಕೂ ಇದಕ್ಕೂ ಏನು ಭೇದ? ಹೀಗೆ ಬಳಸಿದ ಸಾಕ್ಷಿಯು ನಿಜವಾದ ದೋಷವನ್ನು ಕಂಡು ಕೂಗಿದ ದಿನವೂ ಅದನ್ನು ಕೇಳುವವರಿರುವುದಿಲ್ಲ. ಆ ದಿನದ ನಷ್ಟವು ಬ್ಯಾಂಕಿನ ಲೆಕ್ಕವನ್ನೋ ಆಸ್ಪತ್ರೆಯ ದಾಖಲೆಯನ್ನೋ ನೆಚ್ಚಿದ ಮೂರನೆಯವರದಾಗುವುದು.

ಏಳರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗನನ್ನು ನಡುವೆ ನಿಲ್ಲಿಸಿ ಏಳೆಂಟಲೆ ಎಷ್ಟೆಂದರೆ, ಅವನು ಮನಸ್ಸಿನಲ್ಲಿ ಏಳೊಂದಲೆಯಿಂದ ಏರಿಬರಬೇಕಾಗುವುದು. ಅದನ್ನು ಬಲ್ಲ ಉಪಾಧ್ಯಾಯರು ಕಲೆಸಿಯೇ ಕೇಳುವರು. ಈಗ ಎಚ್ಚರವಿರುವ ಕಚೇರಿಗಳಲ್ಲಿಯೂ ಪರೀಕ್ಷೆಗಳನ್ನು ಪ್ರತಿಸಲವೂ ಕಲೆಸಿ ನಡೆಸುತ್ತಾರೆ. ಕಲೆಸಲು ಬಳಸಿದ ಮೂಲಸಂಖ್ಯೆಯನ್ನು ಪಕ್ಕದಲ್ಲಿ ಬರೆದಿಡುತ್ತಾರೆ. ಒಂದು ಪರೀಕ್ಷೆ ಬಿದ್ದಿತೆಂದರೆ ಆ ಸಂಖ್ಯೆಯನ್ನು ಮತ್ತೆ ಕೊಟ್ಟು, ಬಿದ್ದ ಕ್ರಮವನ್ನೇ ಇದ್ದಹಾಗೆ ಎದುರಿಗೆ ತಂದುಕೊಂಡು, ಯಾವುದು ಯಾವುದರ ಒಲೆಯಲ್ಲಿ ಬೇಯಿಸಿಕೊಳ್ಳುತ್ತಿತ್ತೆಂಬುದನ್ನು ನೋಡುತ್ತಾರೆ.