ಕಾಣದ ಸ್ನೇಹವೂ ಕಂಡ ಸ್ನೇಹಿತನೂ

ಕಣ್ಣಿನಿಂದ ಕಾಣದ ಮನುಷ್ಯನೊಡನೆ ಸ್ನೇಹವು ಬೆಳೆಯಬಲ್ಲುದೆ? ಬೆಳೆದುದಾದರೆ, ಎಂದಾದರೊಂದು ದಿನ ಆ ಮನುಷ್ಯನು ಎದುರಿಗೆ ಬಂದು ನಿಂತಾಗ, ಮಾತಿನಲ್ಲಿ ಕಂಡವನು ನಿಜವೋ, ಕಣ್ಣಿಗೆ ಕಂಡವನು ನಿಜವೋ? ಹಿಂದೆ ಈ ಪ್ರಶ್ನೆಗಳು ಕೆಲವರನ್ನು ಮಾತ್ರವೇ ಬಾಧಿಸುತ್ತಿದ್ದುವು. ಊರಿಂದೂರಿಗೆ ಕಾಗದ ಬರೆದು ಶಾಸ್ತ್ರಾರ್ಥ ನಡೆಸುತ್ತಿದ್ದ ವಿದ್ವಾಂಸರಿಗೆ, ಪತ್ರಿಕೆಯಲ್ಲಿ ಹೆಸರು ನೋಡಿ ಪರಿಚಯ ಬೆಳೆಸುತ್ತಿದ್ದ ಲೇಖಕರಿಗೆ ಅವು ತಿಳಿದಿದ್ದುವು. ಈಗ ಹಾಗಲ್ಲ. ಅಂಗೈಯಗಲದ ಮೊಬೈಲಿನ ಮೂಲಕ ಮನೆಯ ಹುಡುಗನಿಗೆ ಅಸ್ಸಾಮಿನಲ್ಲೊಬ್ಬ ಚದುರಂಗದ ಜೊತೆಗಾರನಿರುವನು. ಮನೆಯೊಡತಿಗೆ ಅಮೆರಿಕದಲ್ಲಿ ದೇವರನಾಮಗಳನ್ನು ಕಲಿಯುವ ಗೆಳತಿಯೊಬ್ಬಳಿರುವಳು. ವಿಶ್ರಾಂತಿವೇತನ ಪಡೆಯುವ ಹಿರಿಯರಿಗೆ ಕುಮಾರವ್ಯಾಸನ ಒಂದು ಪದದ ಅರ್ಥಕ್ಕಾಗಿ ರಾತ್ರಿ ಹತ್ತು ಗಂಟೆಯವರೆಗೂ ಹೋರಾಡತಕ್ಕ ಪ್ರತಿವಾದಿಯೊಬ್ಬನಿರುವನು. ರಜವು ಬಂದಾಗ, ಒಮ್ಮೆ ಭೇಟಿಯಾಗಬೇಕೆಂಬ ಮಾತು ಹೊರಡುತ್ತದೆ. ಪ್ರಯಾಣವು ನಿಶ್ಚಯವಾಗುತ್ತದೆ. ಹೊರಡುವ ಹಿಂದಿನ ರಾತ್ರಿ ಮಾತ್ರ ಮನಸ್ಸಿನಲ್ಲಿ ಒಂದು ವಿಧವಾದ ಅಂಜಿಕೆಯು ತಲೆದೋರುತ್ತದೆ. ಆ ಅಂಜಿಕೆಯೇ ಇಲ್ಲಿ ವಿಚಾರಣೀಯವಾದುದು.

ನೈಯಾಯಿಕರು ಉಪಮಾನವೆಂಬ ಪ್ರಮಾಣಕ್ಕೆ ಕೊಡುವ ಉದಾಹರಣೆಯು ಈ ಪ್ರಸಂಗಕ್ಕೆ ಚೆನ್ನಾಗಿ ಹೊಂದುತ್ತದೆ. ಊರಿನವನೊಬ್ಬನು ಗವಯವೆಂಬ ಕಾಡುಮೃಗವನ್ನು ಕಂಡವನಲ್ಲ. ಅದು ಹಸುವನ್ನು ಹೋಲುವುದೆಂದು ಅರಣ್ಯವಾಸಿಯ ಬಾಯಿಂದ ಕೇಳಿದ್ದನು. ಮುಂದೊಮ್ಮೆ ಕಾಡಿಗೆ ಹೋದಾಗ ಹಸುವಿನಂತಹ ಮೃಗವು ಎದುರಾಯಿತು. ಕೇಳಿದ್ದ ಮಾತು ನೆನಪಿಗೆ ಬಂದು, ಗವಯವೆಂಬುದು ಇದೇ ಎಂದು ತಿಳಿದನು. ರೈಲು ನಿಲ್ದಾಣದ ಜನಸಂದಣಿಯಲ್ಲಿ, ಎಂದೂ ಕಾಣದ ಗೆಳೆಯನನ್ನು ಹುಡುಕುತ್ತ ನಿಂತವನ ಸ್ಥಿತಿಯೂ ಇಂಥದೇ. ಆದರೆ ಒಂದು ಭೇದವಿದೆ. ಗವಯವು ತನ್ನ ವರ್ಣನೆಯನ್ನು ತಾನೇ ಹೇಳಿಕೊಂಡದ್ದಲ್ಲ; ಅದನ್ನು ವರ್ಣಿಸಿದವನಿಗೂ ಹೊಗಳುವುದರಿಂದ ಲಾಭವೇನೂ ಇರಲಿಲ್ಲ. ಇಲ್ಲಿಯಾದರೋ ವರ್ಣಿಸಿದವನೂ ವರ್ಣಿತನಾದವನೂ ಒಬ್ಬನೇ. ಶಬ್ದವು ಪ್ರಮಾಣವಾಗಬೇಕಾದರೆ ನುಡಿದವನು ಆಪ್ತನಾಗಿರಬೇಕು, ಎಂದರೆ ಇದ್ದುದನ್ನು ಇದ್ದಂತೆ ಹೇಳುವವನಾಗಿರಬೇಕು. ಪರರ ವಿಷಯದಲ್ಲಿ ಆಪ್ತರಾಗಿರುವವರು ಸಿಕ್ಕುವರು. ತನ್ನ ವಿಷಯದಲ್ಲಿ ತಾನೇ ಆಪ್ತನಾಗುವುದು ಬಹು ಕಷ್ಟ. ಕನ್ನಡದ ಬಳಕೆಯಲ್ಲಿ ಆಪ್ತನೆಂದರೆ ಹತ್ತಿರದ ಗೆಳೆಯನೆಂದೂ ಅರ್ಥವಾಗುವುದು ಈ ಸಂದರ್ಭದಲ್ಲಿ ಸೊಗಸಾಗಿದೆ.

ಇಷ್ಟರಿಂದ ಬರೆಹದ ಸ್ನೇಹವು ಸುಳ್ಳೆಂದು ತೀರ್ಮಾನಿಸುವವರು ಅವಸರಪಡುವರು. ಬರೆಯುವವನು ಹೊತ್ತನ್ನು ಆರಿಸಿಕೊಳ್ಳುತ್ತಾನೆ, ಕೋಪವು ಇಳಿದಮೇಲೆ ಬರೆಯುತ್ತಾನೆ, ಹಾಕಿದ ಮಾತನ್ನು ಅಳಿಸಿ ಬೇರೊಂದನ್ನು ಹಾಕುತ್ತಾನೆ. ಅವನ ಕೆಮ್ಮಾಗಲಿ, ಮನೆಯವರ ಮೇಲೆ ರೇಗುವ ದನಿಯಾಗಲಿ ಓದುವವನಿಗೆ ಕೇಳಿಸುವುದಿಲ್ಲ. ದಿಟ. ಆದರೆ ಯೋಚಿಸಿ ಬರೆದ ಮಾತು ಯೋಚಿಸದೆ ಆಡಿದ ಮಾತಿಗಿಂತ ಕಡಮೆ ನಿಜವೆನ್ನಲು ಆಧಾರವೇನು? ನಾಲ್ಕು ಜನರ ನಡುವೆ ಬಾಯಿಬಿಡಲಾರದ ಸಂಕೋಚಸ್ವಭಾವದವರು, ಮನೆಯಲ್ಲಿ ಯಾರೂ ಕೇಳದ ತಮ್ಮ ಅಂತರಂಗವನ್ನು ಕಾಗದದಲ್ಲಿ ಬಿಚ್ಚಿಡುವುದುಂಟು. ಅಂಥವರ ಸತ್ಯವೆಲ್ಲವೂ ಬರೆಹದಲ್ಲಿಯೇ ಇರುತ್ತದೆ. ಅದು ಅಪೂರ್ಣವೆನ್ನಬಹುದೇ ಹೊರತು ಅಸತ್ಯವೆನ್ನಲಾಗದು.

ಅಪೂರ್ಣವಾದುದು ಪೂರ್ಣವಾಗುವಾಗ ಏನಾಗುತ್ತದೆಂಬುದಕ್ಕೆ ದಮಯಂತಿಯ ಸ್ವಯಂವರಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಕನಕದಾಸರ ನಳಚರಿತ್ರೆಯ ದೆಸೆಯಿಂದ ಈ ಕಥೆಯು ಕನ್ನಡದ ಮನೆಗಳಿಗೆ ಹೊಸದಲ್ಲ. ಹಂಸದ ಮಾತನ್ನು ಕೇಳಿ, ನಳನನ್ನು ಕಾಣುವುದಕ್ಕೆ ಮೊದಲೇ ಅವಳು ಮನಸ್ಸನ್ನು ಕೊಟ್ಟಿದ್ದಳು. ಸಭೆಯಲ್ಲಿ ನೋಡಿದರೆ ಐವರು ನಳರು! ನಾಲ್ವರು ದೇವತೆಗಳು ಅವನ ರೂಪವನ್ನೇ ತಾಳಿ ಕುಳಿತಿದ್ದರು. ಅವಳು ತನ್ನ ಸತ್ಯವನ್ನು ಮುಂದಿಟ್ಟು ದೇವತೆಗಳನ್ನೇ ಬೇಡಿಕೊಂಡಳು; ಅವರು ಕರುಣಿಸಿ ತಮ್ಮ ಗುರುತುಗಳನ್ನು ತೋರಿದರು. ವನಪರ್ವದಲ್ಲಿ ವ್ಯಾಸರು ಆ ಗುರುತುಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ದೇವತೆಗಳಿಗೆ ಬೆವರಿಲ್ಲ, ರೆಪ್ಪೆ ಬಡಿಯುವುದಿಲ್ಲ, ಕೊರಳ ಮಾಲೆ ಬಾಡಿಲ್ಲ, ಮೈಮೇಲೆ ಧೂಳಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಐದನೆಯವನಿಗೆ ನೆರಳಿದೆ, ಅವನ ಮಾಲೆ ಬಾಡಿದೆ, ಧೂಳೂ ಬೆವರೂ ಇವೆ, ರೆಪ್ಪೆ ಬಡಿಯುತ್ತದೆ, ಕಾಲು ನೆಲದ ಮೇಲಿದೆ. ದಮಯಂತಿಯು ಅವನಿಗೆ ಮಾಲೆ ಹಾಕಿದಳು.

ಬರೆಹದಲ್ಲಿ ಕಾಣುವ ಗೆಳೆಯನು ಬಹುಮಟ್ಟಿಗೆ ಆ ನಾಲ್ವರಂತೆ. ಅವನು ಬೆವರುವುದಿಲ್ಲ, ಅವನ ನೆರಳು ಯಾರ ಮೇಲೂ ಬೀಳುವುದಿಲ್ಲ, ಅವನ ಮಾಲೆ ಎಂದೂ ಬಾಡದು. ಭೇಟಿಯ ದಿನ ಬರುವವನಾದರೋ ಐದನೆಯವನು. ಹನ್ನೆರಡು ಗಂಟೆ ಬಸ್ಸಿನಲ್ಲಿ ಕುಳಿತು ಸುಕ್ಕಾದ ಅಂಗಿ, ಭಾವಚಿತ್ರದಲ್ಲಿದ್ದುದಕ್ಕಿಂತ ಕಡಮೆ ಕೂದಲು, ಸಮಯಕ್ಕೆ ಸರಿಯಾಗಿ ಹೊಳೆಯದ ಮಾತು. ನಿರಾಶೆಗೊಳ್ಳುವವನು ಇವುಗಳನ್ನು ದೋಷಗಳೆಂದು ಲೆಕ್ಕಹಾಕುತ್ತಾನೆ. ದಮಯಂತಿಗೆ ಇವೇ ಗುರುತುಗಳಾದುವು.

ಇನ್ನೊಂದು ಮಾತನ್ನೂ ಹೇಳಬೇಕು. ಹಂಸವು ನಳನ ರೂಪವನ್ನು ಅಶ್ವಿನೀದೇವತೆಗಳಿಗೆ ಹೋಲಿಸಿ ಹೊಗಳಿತೇ ಹೊರತು ಅವನ ಜೂಜಿನ ಚಪಲವನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಅದು ಸ್ವಯಂವರದ ಸಭೆಯಲ್ಲಿಯೂ ತಿಳಿಯಲಿಲ್ಲ. ವರ್ಷಗಳ ಮೇಲೆ, ರಾಜ್ಯವೆಲ್ಲವೂ ಹೋದಾಗ ತಿಳಿಯಿತು. ಪ್ರತ್ಯಕ್ಷವೂ ಒಂದೇ ದಿನದಲ್ಲಿ ಮುಗಿಯತಕ್ಕದ್ದಲ್ಲ.

ಮೋಸದ ವಿಷಯವು ಬೇರೆ. ಹೆಸರನ್ನೂ ವಯಸ್ಸನ್ನೂ ಮರೆಮಾಡಿ, ಮದುವೆಯಾದುದನ್ನು ಅಡಗಿಸಿ, ಮೂರನೆಯ ಕಾಗದದಲ್ಲಿಯೇ ಹಣ ಕೇಳುವವನು ಈ ವಿಚಾರದೊಳಗೆ ಸೇರುವವನೇ ಅಲ್ಲ. ಅಂಥವರು ಇರುವುದರಿಂದ, ಮೊದಲ ಭೇಟಿಯನ್ನು ನಾಲ್ಕು ಜನರು ಓಡಾಡುವ ಸ್ಥಳದಲ್ಲಿ ಇಟ್ಟುಕೊಳ್ಳುವುದೂ, ಮನೆಯವರಿಗೆ ತಿಳಿಸಿ ಹೋಗುವುದೂ ವಿವೇಕವು. ಹೆಣ್ಣುಮಕ್ಕಳು ಹೀಗೆ ಹೇಳಿ ಹೊರಟಾಗ ಹಿರಿಯರು ಗದರಿಸಿದರೆ, ಮುಂದಿನ ಸಾರಿ ಹೇಳದೆಯೇ ಹೋಗುವರಷ್ಟೆ. ಆದರೆ ಮರೆಮಾಡಿದ್ದಕ್ಕೂ, ಕಾಗದವು ಹೊರಲಾರದೆ ಬಿಟ್ಟುದಕ್ಕೂ ಅಂತರವಿದೆ. ಗೆಳೆಯನು ತೊದಲುವನೆಂಬುದು ಬರೆಹದಲ್ಲಿ ಬರಲಿಲ್ಲವೆಂದರೆ ಅವನು ಅದನ್ನು ಬಚ್ಚಿಟ್ಟನೆಂದಾಗುವುದಿಲ್ಲ, ಬರೆಹಕ್ಕೆ ತೊದಲಿಲ್ಲ. ಇಂಥದನ್ನು ಕಂಡು ಮೋಸಹೋದೆನೆಂದು ಹಿಂದೆ ಸರಿಯುವವನು, ವರ್ಷಗಟ್ಟಲೆ ಆ ಸ್ನೇಹದಿಂದ ಪಡೆದುಕೊಂಡು ಕೊಡತಕ್ಕ ಕಾಲಕ್ಕೆ ಕೈಯೆಳೆದವನಾಗುತ್ತಾನೆ.

ಹಾಗಾದರೆ ಕಾಣದೆಯೇ ಇದ್ದುಬಿಡಬಾರದೆ? ಇದ್ದವರುಂಟು. ರಷ್ಯಾ ದೇಶದ ಸಂಗೀತಗಾರ ಚೈಕೋವ್‌ಸ್ಕಿಯವರಿಗೂ, ರೈಲುಮಾರ್ಗಗಳ ಉದ್ಯಮದಿಂದ ಧನಿಕವಾದ ಮನೆತನದ ವಿಧವೆ ನಾದೆಝ್ದಾ ಫಾನ್ ಮೆಕ್ ಅವರಿಗೂ ೧೮೭೬ರಲ್ಲಿ ಪತ್ರವ್ಯವಹಾರವು ಮೊದಲಾಯಿತು. ಎಂದೂ ಭೇಟಿಯಾಗತಕ್ಕದ್ದಲ್ಲವೆಂದು ಇಬ್ಬರೂ ಒಪ್ಪಿಕೊಂಡಿದ್ದರು. ಹದಿನಾಲ್ಕು ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕ ಕಾಗದಗಳು ಓಡಾಡಿದುವು. ಆಕೆ ವರ್ಷಕ್ಕೆ ೬೦೦೦ ರೂಬಲ್ಲುಗಳಂತೆ ಧನಸಹಾಯ ಮಾಡಿದರು. ಅವರು ತಮ್ಮ ನಾಲ್ಕನೆಯ ಸಿಂಫನಿಯನ್ನು, ಹೆಸರನ್ನು ಹೇಳದೆ, ಆಕೆಗೆ ಅರ್ಪಿಸಿದರು. ೧೮೭೯ರ ಬೇಸಿಗೆಯಲ್ಲಿ ಒಮ್ಮೆ ಇಬ್ಬರ ಗಾಡಿಗಳೂ ದಾರಿಯಲ್ಲಿ ಅಕಸ್ಮಾತ್ತಾಗಿ ಎದುರುಬದುರಾದುವು. ಅವರು ಟೊಪ್ಪಿಗೆಯನ್ನೆತ್ತಿ ವಂದಿಸಿದರು, ಆಕೆ ಗಲಿಬಿಲಿಗೊಂಡರು, ಮಾತಿಲ್ಲದೆ ಗಾಡಿಗಳು ಮುಂದೆ ಸಾಗಿದುವು. ೧೮೯೦ರಲ್ಲಿ, ಐಶ್ವರ್ಯವು ಕುಗ್ಗಿತೆಂದೂ ಇನ್ನು ಹಣ ಕಳುಹಲಾರೆನೆಂದೂ ಆಕೆಯ ಕಾಗದ ಬಂತು. ಅಲ್ಲಿಗೆ ಎಲ್ಲವೂ ನಿಂತಿತು. ಹಣ ನಿಂತದ್ದಕ್ಕಿಂತ, ಹಣದೊಡನೆ ಸ್ನೇಹವೂ ನಿಂತುಹೋಯಿತಲ್ಲಾ ಎಂಬುದು ಅವರನ್ನು ನೋಯಿಸಿತು. ೧೮೯೩ರಲ್ಲಿ ಅವರು ತೀರಿಕೊಂಡರು. ಮುಂದಿನ ವರ್ಷದ ಆರಂಭದಲ್ಲಿ ಆಕೆಯೂ. ಆ ಒಪ್ಪಂದವು ಅವರ ಸ್ವಂತದ್ದು. ಅದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೂ, ಎದುರಿಗೆ ಕುಳಿತು "ಏನಾಯಿತು?" ಎಂದು ಕೇಳತಕ್ಕ ರೂಢಿಯು ಆ ಹದಿನಾಲ್ಕು ವರ್ಷಗಳಲ್ಲಿ ಬೆಳೆದಿರಲಿಲ್ಲ. ಬೇಕಾದಾಗ ಅದು ಒದಗಲಿಲ್ಲ.

ಇದಕ್ಕೆ ಎದುರಾದ ಕಥೆಯು ದೂರದಲ್ಲಿಲ್ಲ, ನೆರೆಯ ತಮಿಳಿನಲ್ಲಿಯೇ ಇದೆ. ಪುರನಾನೂರು ಎಂಬ ಪ್ರಾಚೀನ ಸಂಕಲನದ ಕೆಲವು ಪದ್ಯಗಳಿಂದ ತಿಳಿಯುವುದಿದು. ಉರೈಯೂರಿನ ದೊರೆ ಕೋಪ್ಪೆರುಂಚೋಳನಿಗೂ ಪಾಂಡ್ಯನಾಡಿನ ಕವಿ ಪಿಸಿರಾಂದೈಯಾರನಿಗೂ ಒಬ್ಬರನ್ನೊಬ್ಬರು ಕಾಣದೆಯೇ ಗಾಢವಾದ ಸ್ನೇಹವಿತ್ತು. ಮಕ್ಕಳೊಡನೆ ವಿರಸವುಂಟಾಗಿ, ದೊರೆಯು ಬಡಗಣ ದಿಕ್ಕಿಗೆ ಮುಖಮಾಡಿ ಅನಶನದಿಂದ ದೇಹವನ್ನು ಬಿಡಲು ಕುಳಿತನು. ಶ್ರವಣಬೆಳ್ಗೊಳದ ಶಾಸನಗಳಲ್ಲಿ ಕಾಣುವ ಸಲ್ಲೇಖನವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು. ತನ್ನ ಪಕ್ಕದಲ್ಲಿ ಗೆಳೆಯನಿಗೊಂದು ಎಡೆಯನ್ನು ಬಿಟ್ಟಿರಬೇಕೆಂದು ಅವನು ಹೇಳಿದನು. ಒಮ್ಮೆಯೂ ಕಾಣದವನು ಅಷ್ಟು ದೂರದಿಂದ ಸಾಯಲು ಬರುವನೆ ಎಂದು ಹತ್ತಿರದವರು ಸಂದೇಹಪಟ್ಟರು, ದೊರೆಗೆ ಸಂದೇಹವಿರಲಿಲ್ಲ. ಕವಿಯು ಬಂದನು, ಅಲ್ಲಿಯೇ ಕುಳಿತು ಪ್ರಾಣವನ್ನು ಬಿಟ್ಟನು. ಅಂಥ ಮರಣವನ್ನು ಯಾರೂ ಅನುಕರಿಸಬೇಕಾಗಿಲ್ಲ. ಆದರೆ ಕಾಣದ ಸ್ನೇಹಕ್ಕೆ ಬಲವಿಲ್ಲವೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಕಂಡಿದ್ದರೋ ಇಲ್ಲವೋ ಎಂಬುದಕ್ಕಿಂತ, ಕರೆದಾಗ ಹೊರಟುಬರುವ ಮನಸ್ಸಿತ್ತೋ ಇಲ್ಲವೋ ಎಂಬುದೇ ಮುಖ್ಯವಾಯಿತು.

ಬಂದು ಕಂಡಮಾತ್ರದಿಂದ ಎಲ್ಲವೂ ಆಯಿತೆಂದೂ ತಿಳಿಯಬಾರದು. ಮದ್ರಾಸಿನ ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರು ೧೯೧೩ರ ಜನವರಿ ೧೬ರಂದು ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರಿಗೆ ಬರೆದ ಕಾಗದವು ಲೋಕವಿದಿತವಾದುದು. ೧೯೧೪ರ ಮಾರ್ಚಿ ೧೭ರಂದು ಅವರು ಹಡಗು ಹತ್ತಿದರು. ಕಾಗದದಲ್ಲಿ ಕಂಡ ಗಣಿತವೂ ಕಣ್ಣೆದುರಿಗಿದ್ದ ಮನುಷ್ಯನ ಗಣಿತವೂ ಒಂದೇ ಆಗಿದ್ದುವು. ಆ ಭಾಗದಲ್ಲಿ ನಿರಾಶೆಗೆ ಎಡೆಯಿರಲಿಲ್ಲ. ಆದರೆ ಪ್ರಮೇಯಗಳ ಜೊತೆಗೆ ದೇಹವೂ ಬಂದಿತ್ತು. ಆ ವರ್ಷವೇ ಯುದ್ಧವು ಮೊದಲಾಯಿತು. ಶಾಕಾಹಾರಿಯಾದ ಅವರು ಕೋಣೆಯಲ್ಲಿಯೇ ಸ್ವಯಂಪಾಕ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಓದುತ್ತಿದ್ದ ಪ್ರಶಾಂತಚಂದ್ರ ಮಹಲನೋಬಿಸರು ಒಂದು ದಿನ, ರಾತ್ರಿ ಬೆಚ್ಚಗಿರುವುದೇ ಎಂದು ವಿಚಾರಿಸಿದರು. ಕೋಟು ತೊಟ್ಟು ಶಾಲು ಹೊದ್ದು ಮಲಗಿದರೂ ಚಳಿಯೆಂದು ರಾಮಾನುಜನ್ ಹೇಳಿದರು. ಮಹಲನೋಬಿಸರು ಒಳಗೆ ಹೋಗಿ ನೋಡಿದರೆ ಮಂಚದ ಮೇಲೆ ಕಂಬಳಿಗಳು ಬೇಕಾದಷ್ಟಿದ್ದುವು. ಅಂಚುಗಳನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ್ದುದರಿಂದ, ಅವನ್ನು ಸರಿಸಿ ಒಳಗೆ ಮಲಗಬೇಕೆಂಬುದು ರಾಮಾನುಜನ್ ಅವರಿಗೆ ತಿಳಿದಿರಲಿಲ್ಲ. ಮಹಲನೋಬಿಸರು ತೋರಿಸಿಕೊಟ್ಟರು. ೧೯೧೭ರಲ್ಲಿ ರಾಮಾನುಜನ್ ಕಾಯಿಲೆ ಬಿದ್ದರು. ೧೯೧೯ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ೧೯೨೦ರ ಏಪ್ರಿಲ್ ೨೬ರಂದು, ೩೨ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರ ಬುದ್ಧಿಯನ್ನು ಹಾರ್ಡಿಯವರಂತೆ ಕಂಡವರು ಇನ್ನೊಬ್ಬರಿಲ್ಲ; ಅವರನ್ನು ದೂಷಿಸುವುದು ಸಲ್ಲದು. ಕಂಬಳಿಯನ್ನು ಮಾತ್ರ, ಕೋಣೆಯೊಳಗೆ ಹೋಗಿ ನೋಡಿದವರು ಕಂಡರು.

ಬರೆಹದ ಗೆಳೆಯರು ಮೊದಲ ಭೇಟಿಗೆ ಪ್ರವಾಸವನ್ನು ಆರಿಸಿಕೊಳ್ಳುವುದು ಆದ್ದರಿಂದ ಒಳ್ಳೆಯದು. ಹೋಟೆಲಿನಲ್ಲಿ ಒಂದು ಗಂಟೆ ಎದುರುಬದುರು ಕುಳಿತರೆ ಇಬ್ಬರೂ ಕಾಗದದ ಮಾತುಗಳನ್ನೇ ಬಾಯಲ್ಲಿ ಆಡಿ ಎದ್ದುಹೋಗುವರು. ಮಂಗಳೂರಿನವನೊಬ್ಬನೂ ಕಲಬುರಗಿಯವನೊಬ್ಬನೂ ಹೊಸಪೇಟೆಯಲ್ಲಿ ಇಳಿದು ಎರಡು ದಿನ ಹಂಪೆಯನ್ನು ಸುತ್ತುವರೆಂದು ಭಾವಿಸಬಹುದು. ಬರೆಹದಲ್ಲಿ ಇಬ್ಬರದೂ ಗ್ರಂಥಸ್ಥ ಕನ್ನಡ. ಬಾಯಿ ತೆರೆದರೆ ಒಬ್ಬನದು "ಎಂತ", ಮತ್ತೊಬ್ಬನದು "ಏನ್ರೀ". ಮೊದಲ ನಗೆಯು ಅಲ್ಲಿಯೇ ಹುಟ್ಟುತ್ತದೆ. ಒಬ್ಬನಿಗೆ ಅನ್ನವಿಲ್ಲದೆ ಊಟವಿಲ್ಲ, ಮತ್ತೊಬ್ಬನಿಗೆ ರೊಟ್ಟಿಯಿಲ್ಲದೆ ಹೊಟ್ಟೆ ತುಂಬದು. ಹೇಮಕೂಟದ ಬಂಡೆಯ ಮೇಲೆ ಒಬ್ಬನು ಬಿರಬಿರನೆ ನಡೆಯುವನು. ಮೊಣಕಾಲು ನೋವಿನ ಇನ್ನೊಬ್ಬನು ಅದನ್ನು ಹೇಳಲು ನಾಚುವನು. ಆಟೋ ನಡೆಸುವವನೊಡನೆ ಬಾಡಿಗೆಗಾಗಿ ಆಡುವ ಮಾತಿನ ದನಿ, ಆನೆಗೊಂದಿಗೆ ಹೋಗುವಾಗ ಹರಿಗೋಲು ತುಸು ವಾಲಿದಾಗ ಯಾರ ಕೈಯನ್ನು ಯಾರು ಹಿಡಿದರೆಂಬುದು, ಕೊನೆಯ ಬಾಟಲಿಯ ನೀರನ್ನು ಮೊದಲು ಯಾರ ಕಡೆಗೆ ಚಾಚಿದರೆಂಬುದು, ಇವು ಐದು ವರ್ಷಗಳ ಕಾಗದಗಳಲ್ಲಿಯೂ ಬಂದಿರಲಾರವು. ದೂರದ ಬೆಟ್ಟವು ಕಣ್ಣಿಗೆ ನುಣ್ಣಗೆಂಬ ಗಾದೆಯನ್ನು ಜನರು ನಿರಾಶೆಯ ಅರ್ಥದಲ್ಲಿಯೇ ಬಳಸುವರು. ಹೇಮಕೂಟವನ್ನು ಹತ್ತಿದವರಿಗೆ ಗೊತ್ತಿದೆ, ನುಣ್ಣಗಿರುವ ಕಡೆಯಲ್ಲಿಯೇ ಕಾಲು ಜಾರುವುದು.

ಎರಡು ದಿನಗಳು ಕಳೆದು ಇಬ್ಬರೂ ಅವರವರ ಊರಿಗೆ ಹಿಂದಿರುಗುವರು. ಪುನಃ ಬರೆಹವು ಮೊದಲಾಗುವುದು. ಕುಮಾರವ್ಯಾಸನ ಆ ಪದದ ಜಗಳವು ಇನ್ನೂ ಮುಗಿದಿರುವುದಿಲ್ಲ. ಅದು ಎಂದಿನಂತೆಯೇ ನಡೆಯುವುದು. ಆದರೆ ಈಗ ಕಲಬುರಗಿಯವನು ವಾದಕ್ಕೆ ಇಳಿಯುವ ಮೊದಲು, ಮಂಗಳೂರಿನಲ್ಲಿ ಮಳೆ ಹಿಡಿದಿರುವುದನ್ನು ಕೇಳಿ, ಮೊಣಕಾಲು ಹೇಗಿದೆಯೆಂದು ವಿಚಾರಿಸುವನು.