‘ಎಲ್ಲರೂ ಅಷ್ಟೇ’ ಎನ್ನುವ ಮೊದಲು

ಇಳಕಲ್ಲಿನ ಚಹಾದಂಗಡಿಯಲ್ಲಿ ಕೈಮಗ್ಗ ಕುಸಿದ ಮಾತು ಬಂದರೆ ಅದು ಬೇಗ ಪಕ್ಷಗಳ ಜಗಳವಾಗುತ್ತದೆ. ಒಬ್ಬರು 2016ರ ನೋಟು ರದ್ದತಿ, 2017ರ ಜಿಎಸ್‌ಟಿ ಎನ್ನುತ್ತಾರೆ; ಇನ್ನೊಬ್ಬರು, ಅದಕ್ಕೂ ಮೊದಲೇ ಮಗ್ಗಗಳು ನಿಲ್ಲುತ್ತಿದ್ದವಲ್ಲ, ಆಗ ಆಳುತ್ತಿದ್ದವರು ಯಾರು ಎಂದು ಕೇಳುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ.

ನನ್ನ ಮನಸ್ಸು ಮಾತ್ರ 1985ರ ಕಾಯ್ದೆಯತ್ತ ಹೋಗುತ್ತದೆ. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾನೂನದು. ಸುಪ್ರೀಂ ಕೋರ್ಟ್ 1993ರಲ್ಲಿ ಅದನ್ನು ಎತ್ತಿಹಿಡಿಯಿತು. ಆಮೇಲೆ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಕಾಂಗ್ರೆಸ್, ಜನತಾದಳ, ಬಿಜೆಪಿ ಎಲ್ಲರೂ ಆಳಿದರು. ವಿದ್ಯುತ್ ಮಗ್ಗದ ಸೀರೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುವುದು ನಿಲ್ಲಲಿಲ್ಲ. ಹಾಗಾದರೆ ‘ಎಲ್ಲರೂ ಅಷ್ಟೇ’ ಎನ್ನೋಣವೇ? ಬೈಗುಳದಂತೆ ಕೇಳಿಸುವ ಈ ಮಾತು ಎಲ್ಲರನ್ನೂ ಖುಲಾಸೆ ಮಾಡಿಬಿಡುತ್ತದೆ. ಹಂಚಿದಷ್ಟೂ ಪಾಲು ಕಿರಿದಾಗಲು ಹೊಣೆಯೇನು ಅಣ್ಣತಮ್ಮಂದಿರ ಹೊಲವೇ? ತಪಾಸಣೆ ಮಾಡಿಸುವ ಅಧಿಕಾರ ಯಾರ ಕೈಯಲ್ಲಿತ್ತೋ, ಅವರ ಕಾಲದ ಹೊಣೆ ಪೂರ್ತಿ ಅವರದು. ಹಿಂದಿನವರೂ ಮಾಡಲಿಲ್ಲ ಎಂಬುದು ಉತ್ತರವಾಗದು.

ಇನ್ನು ಕೊಳ್ಳುವ ನಾವು. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅದನ್ನು ಗುರುತಿಸಲಾರದೆ ಅಗ್ಗದ್ದನ್ನು ಕೊಂಡ ತಪ್ಪು ನಮ್ಮದೂ ಇದೆ. ಆದರೆ ಕಾನೂನು ಕಾಯಬೇಕಾದವರ ತಪ್ಪಿನೊಂದಿಗೆ ಅದನ್ನು ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ.